ಒಂದಕ್ಕೆ ಮೂರು ಕೊಟ್ಟ ರಾಜ

ಒಂದು ರಾಜ್ಯ. ಅದಕ್ಕೊಬ್ಬ ರಾಜ, ಹೆಸರು ಚಿತ್ರಧ್ವಜ. ಅವನಿಗೊಂದು ಹುಚ್ಚು. ಕುದುರೆ ಇಲ್ಲದೆ, ಹೊಗೆ ಇಲ್ಲದೆ ತಾನೇ ಓಡೋ ರಥ ಬೇಕು. ಅದಕ್ಕೆ ಮಿಂಚು ಹಿಡಿದಿಡೋ ಕಲ್ಲು ಬೇಕು. ಆ ಕಲ್ಲು ಇರೋದು ಗುಡ್ಡದ ಹೊಟ್ಟೆಯೊಳಗೆ. "ಹೊಗೆ ನಿಂತರೆ ಲೋಕ ಉಳಿಯುತ್ತೆ, ಅಗೀರಿ" ಅಂದ. ಲೋಕ ಉಳಿಸೋಕೆ ಲೋಕಾನೇ ಅಗೆಯೋದಂತೆ. ಏನು ಹೇಳೋಣ ಇಂಥವರಿಗೆ.

ಮೊದಲನೇ ಗುಡ್ಡ ಅಗೆದರು. ಗವಿ ಕಳಕೊಂಡ ಬಾವಲಿಗಳು ಬಂದು ಗೋಳಾಡಿದವು. "ಅಳಬೇಡಿ, ಒಂದಕ್ಕೆ ಮೂರು ಕೊಡ್ತೀನಿ" ಅಂದ ರಾಜ. ಮೂರು ಹೆಂಚಿನ ಕೊಟ್ಟಿಗೆ ಕಟ್ಟಿಸಿದ. ಒಂದು ಬಾವಲೀನೂ ಅತ್ತ ಸುಳಿಯಲಿಲ್ಲ. ಹುಳ ತಿನ್ನೋ ಬಾವಲಿ ಇಲ್ಲದೆ ಆ ವರ್ಷ ಹುಳ ಬಿದ್ದು ಜೋಳ ಹಾಳಾಯ್ತು. ರಥವೇನೋ ಓಡಿತು. ಇನ್ನಷ್ಟು ರಥ ಬೇಕು ಅಂದ.

ಎರಡನೇ ಗುಡ್ಡ ಅಗೆದರು. ಪೊಟರೆ ಕಳಕೊಂಡ ಮಂಗಟ್ಟೆ ಹಕ್ಕಿ ಬಂದು ಗೋಳಾಡಿತು. "ಒಂದು ಮರಕ್ಕೆ ಮೂರು ಸಸಿ" ಅಂದ. ಸಸಿ ಮೊಣಕಾಲೆತ್ತರ. ಅದರಲ್ಲಿ ಪೊಟರೆ ಎಲ್ಲಿಂದ ಬರಬೇಕು, ಹಕ್ಕಿ ಮೊಟ್ಟೆ ಎಲ್ಲಿಡಬೇಕು? ಹೇಳಿ ಹೇಳಿ ನನ್ನ ಬಾಯಿ ಒಣಗಿತು, ಬಿಡಿ.

ಉಳಿದದ್ದು ಮೂರನೇ ಗುಡ್ಡ. ಅದರ ನೆತ್ತಿಯ ಬಂಡೆಗುಂಡಿಯಲ್ಲಿ ಒಂದಿಷ್ಟು ನೀರು, ನೀರಲ್ಲಿ ಹಳದಿ ಹೊಟ್ಟೆಯ ಕಪ್ಪೆಗಳು. ಲೋಕದಲ್ಲಿ ಬೇರೆಲ್ಲೂ ಇಲ್ಲದ ಜಾತಿ. ತಾಯಿ ಕಪ್ಪೆಯೊಂದು ಕುಪ್ಪಳಿಸಿಕೊಂಡು ಅರಮನೆಗೆ ಬಂತು.

"ಮಹಾಸ್ವಾಮಿ, ಬೇರೆ ನೀರಲ್ಲಿ ನನ್ನ ಮರಿ ಬದುಕಲ್ಲ. ಅದೊಂದು ಗುಂಡಿ ಬಿಟ್ಟುಬಿಡಿ."

"ಮೂರು ಕಲ್ಲುಬಾನಿ ತುಂಬ ನೀರು ಕೊಡ್ತೀನಿ. ಒಂದಕ್ಕೆ ಮೂರು, ಲಾಭ ನಿನಗೇ. ನಾಳೆ ಬೆಳಿಗ್ಗೆ ಅಗೆತ ಶುರು."

ಇದನ್ನ ದಾದಿ ಗಿರಿಯಮ್ಮ ಕೇಳಿಸಿಕೊಂಡಳು. ರಾಜನ ಒಬ್ಬಳೇ ಮಗಳು ಮಲ್ಲಿಕಾವತಿಯನ್ನ ಎತ್ತಿ ಆಡಿಸಿ ಸಾಕಿದವಳು ಅವಳೇ.

ಬೆಳಗಾಯ್ತು. ರಾಜ ಮಗಳನ್ನ ಕರೆದ. ಬೇರೆ ಮೂವರು ಹುಡುಗಿಯರು ಬಂದು ಸಾಲಾಗಿ ನಿಂತರು.

"ನನ್ನ ಮಗಳೆಲ್ಲಿ?"

"ಹೋದಳು ಬುದ್ಧಿ" ಅಂದಳು ಗಿರಿಯಮ್ಮ. "ಅದಕ್ಕೇ ನನ್ನ ಮೊಮ್ಮಕ್ಕಳನ್ನ ತಂದಿದೀನಿ. ಒಂದಕ್ಕೆ ಮೂರು, ಲಾಭ ನಿಮಗೇ."

ರಾಜನ ಮುಖ ಬಿಳಿಚಿಕೊಂಡಿತು. "ತಲೆ ಕೆಟ್ಟಿದೆಯಾ ನಿನಗೆ? ನೂರು ಮಕ್ಕಳನ್ನ ತಂದರೂ ನನ್ನ ಮಗಳಾಗ್ತಾರಾ? ಅವಳಿರೋದು ಒಬ್ಬಳೇ."

"ಕಪ್ಪೇನೂ ಅದನ್ನೇ ಹೇಳ್ತು ಬುದ್ಧಿ. ನಿಮ್ಮ ಕಿವಿಗೆ ಬೀಳಲಿಲ್ಲ. ಮಗು ಆ ಗುಂಡಿ ಹತ್ತಿರಾನೇ ಕೂತಿದೆ, ನನ್ನ ಮಗನ ಜೊತೆ. ಅಗೆಯೋರು ಆಗಲೇ ಹೊರಟಿದಾರೆ."

ರಾಜ ಬರಿಗಾಲಲ್ಲೇ ಓಡಿದ. ಗುಡ್ಡದ ಬುಡದಲ್ಲಿ ಹಾರೆ ಎತ್ತಿದವರನ್ನ ಕಂಡು "ನಿಲ್ಲಿಸ್ರೋ" ಅಂತ ಕೂಗಿದ. ಏದುಸಿರು ಬಿಡುತ್ತಾ ಹತ್ತಿದ. ಮಗಳು ಗುಂಡಿಯಂಚಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು.

"ಮೆಲ್ಲಗೆ ಬನ್ನಿ ಅಪ್ಪಾಜಿ, ಇಲ್ಲಿ ಮೊಟ್ಟೆ ಇದೆ."

ರಾಜ ಮೆಲ್ಲಗೆ ಹೆಜ್ಜೆಯಿಟ್ಟು ಬಂದ. ಮಗಳ ಪಕ್ಕ ಕೂತು ಅತ್ತುಬಿಟ್ಟ.

ಅಗೆತ ಅಲ್ಲಿಗೇ ನಿಂತಿತು. ಲಾಯದಲ್ಲಿ ಸುಮ್ಮನೆ ನಿಂತಿದ್ದ ರಥಗಳನ್ನ ಬಿಚ್ಚಿಸಿ, ಬೇಕಾದಷ್ಟು ಕಲ್ಲು ಅವುಗಳಿಂದಲೇ ತೆಗೆಸಿದ. ಈ ಬುದ್ಧಿ ಮೊದಲೇ ಬಂದಿದ್ದರೆ ಏನಾಗ್ತಿತ್ತು ಆ ಮಹರಾಯನಿಗೆ? ಕಪ್ಪೆ ಉಳೀತು. ಬಾವಲಿ ವಾಪಸು ಬರಲಿಲ್ಲ, ಮಂಗಟ್ಟೇನೂ ಬರಲಿಲ್ಲ.

ನೀತಿ ಇಷ್ಟೇ ಮಕ್ಕಳೇ: ಅಳಿದುಹೋದ ಜೀವಕ್ಕೆ ಬದಲಿ ಅನ್ನೋದಿಲ್ಲ. ಒಂದಕ್ಕೆ ಮೂರು ಕೊಡ್ತೀನಿ ಅಂತ ಯಾರಾದರೂ ಬಂದರೆ, ಮೊದಲು ಅವರ ಮಗುವಿನ ಹೆಸರು ಕೇಳಿ.