ಅಟ್ಟಕ್ಕೇರಿದ ತಪ್ಪಲೆ

ತುಂಗಮ್ಮನ ಅಡುಗೆಮನೆಯಲ್ಲಿ ಕಲಾಯಿ ಹಾಕಿಸಿದ ಹಿತ್ತಾಳೆ ತಪ್ಪಲೆಯೊಂದಿತ್ತು. ದಿನವೂ ಹುಳಿ ಕುದಿಯುತ್ತಿದ್ದುದು ಅದರಲ್ಲೇ. ಮನೆಗೆ ಬಂದವರೆಲ್ಲ ಅದರ ಹೊಳಪನ್ನು ಹೊಗಳಿ ಹೋಗುತ್ತಿದ್ದರು.

ಒಂದು ದಿನ ತಪ್ಪಲೆಯು ಹಿಡಿ ಸೊಟ್ಟಗಾದ ಸೌಟನ್ನು ಕೇಳಿತು: "ಏನಯ್ಯಾ, ನಿನ್ನನ್ನು ಯಾರಾದರೂ ಒಂದು ಸಲವಾದರೂ ಹೊಗಳಿದ್ದುಂಟೇ?"

"ಇಲ್ಲ ಸ್ವಾಮಿ. ಬೈಗುಳ ಮಾತ್ರ ಹೊತ್ತುಹೊತ್ತಿಗೆ ಸಿಗುತ್ತೆ," ಎಂದಿತು ಸೌಟು. "ಆದರೆ ತಮ್ಮನ್ನು ಎಲ್ಲರೂ ಸೇರಿ ಅಟ್ಟಕ್ಕೇರಿಸುತ್ತಿದ್ದಾರೆ. ಇವತ್ತು ಹುಳಿಯನ್ನು ಒಂಚೂರು ತಳ ಹಿಡಿಸಿ ಬೈಸಿಕೊಳ್ಳಿ. ತಮಗೇ ಒಳ್ಳೆಯದು."

"ಹೊಟ್ಟೆಕಿಚ್ಚು ನಿನಗೆ! ಏರಿಸಲಿ ಬಿಡು. ನಾನು ಎತ್ತರದಲ್ಲೇ ಇರಬೇಕಾದವನು," ಎಂದು ತಪ್ಪಲೆ ಇನ್ನಷ್ಟು ಹೊಳೆಯಿತು.

ಅಂದು ಊಟಕ್ಕೆ ಬಂದ ನಾದಿನಿ ಅದನ್ನು ನೋಡಿ ಕೆನ್ನೆಗೆ ಕೈ ಹಚ್ಚಿದಳು. "ಅಯ್ಯೋ ಅತ್ತಿಗೆ, ಇಷ್ಟು ಚಂದದ್ದನ್ನ ದಿನಾ ಒಲೆ ಮೇಲಿಡ್ತೀರಾ? ಎತ್ತಿಡಬಾರದಾ?"

ತುಂಗಮ್ಮನಿಗೂ ಹೌದೆನ್ನಿಸಿತು. ತಪ್ಪಲೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಹಳೆ ಸೀರೆಯಲ್ಲಿ ಸುತ್ತಿ, ಏಣಿ ಹಾಕಿ ಅಟ್ಟದ ಮೇಲಿಟ್ಟಳು.

ಅಲ್ಲಿ ಪಕ್ಕದ ಗಂಟಿನೊಳಗಿಂದ ತಾಮ್ರದ ಚೊಂಬೊಂದು ಕೇಳಿತು: "ಬಾಪ್ಪಾ. ನೀನೂ ತುಂಬಾ ಚೆನ್ನಾಗಿದ್ದೆಯಾ?"

ತಪ್ಪಲೆ ಉತ್ತರಿಸುವಷ್ಟರಲ್ಲಿ ಕೆಳಗಿನಿಂದ ತುಂಗಮ್ಮನ ಕೂಗು ಕೇಳಿಸಿತು. "ಆ ದರಿದ್ರ ಸೊಟ್ಟ ಸೌಟು ಎಲ್ಲಿ ಹಾಳಾಗಿ ಹೋಯ್ತು? ಅದಿಲ್ಲದೆ ನನಗೆ ಕೈಯೇ ಓಡಲ್ಲ!"

ತಪ್ಪಲೆ ಸೀರೆಯ ಸುತ್ತಿನೊಳಗಿಂದ ಮೆಲ್ಲಗೆ ಅಂದಿತು: "ಅಮ್ಮಾ, ನನ್ನನ್ನೂ ಒಂದು ಸಲ ಹಾಗೆ ಬೈಯಬಾರದಾ?"