ಅಪ್ಪ ಇಲ್ಲದ ಒಡ್ಡು

ಹಳ್ಳದ ನೆರೆ ತಡೆಯಲೆಂದು ಪಟೇಲ ಮುದ್ದವೀರಪ್ಪನ ತಂದೆ ಕಟ್ಟಿಸಿದ್ದ ಒಡ್ಡು ಬಿರುಕು ಬಿಟ್ಟಿತ್ತು. ಕೆಳಗೆ ಮೂವತ್ತು ಮನೆ, ಮೇಲೆ ಮುಂಗಾರಿನ ಮೋಡ.

"ಯಾರದಿದು? ಒಡ್ಡು ಯಾರದೋ ಅವರೇ ರಿಪೇರಿ ಮಾಡಿಸಬೇಕು," ಅಂದರು ಜೀಪಿನಲ್ಲಿ ಬಂದ ಇಂಜಿನಿಯರು.

"ನಮ್ಮದಲ್ಲ, ಊರಿನದು," ಅಂದ ಪಟೇಲ. ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯ ಕಡೆ ತಿರುಗಿ ಕಣ್ಣು ಕೆಂಪಗೆ ಮಾಡಿದ. "ಹೇಳೋ, ಊರಿನದು ತಾನೇ?"

ಹೌದೆಂದರೆ ದುಡ್ಡಿಲ್ಲದ ಊರಿನಿಂದ ರಿಪೇರಿಯಾಗದೆ ಮನೆಗಳು ಹೋಗುತ್ತವೆ, ಅಲ್ಲವೆಂದರೆ ತನ್ನ ಕೆಲಸ ಹೋಗುತ್ತದೆ. ನೀರುಗಂಟಿ ತಲೆ ಕೆರೆದುಕೊಂಡ.

"ಪಟೇಲರೇ ಹೇಳಿದ ಮೇಲೆ ಮುಗೀತು ಸ್ವಾಮಿ, ಊರಿನದೇ," ಅಂದವನೇ ಒಡ್ಡಿನ ಮೇಲೆ ಸಡಿಲಾಗಿದ್ದ ಚಪ್ಪಡಿಯೊಂದನ್ನು ಎತ್ತಿ ಹೆಗಲಿಗೇರಿಸಿದ. "ನಮ್ಮ ಬಚ್ಚಲಿಗೆ ಇಂಥದೇ ಕಲ್ಲು ಬೇಕಾಗಿತ್ತು. ಊರಿನದರಲ್ಲಿ ನಂದೂ ಪಾಲಿದೆಯಲ್ಲ!"

ಪಟೇಲನ ಮೀಸೆ ನಡುಗಿತು. "ಇಳಿಸೋ ಕಲ್ಲು! ಯಾರಪ್ಪನದು ಅಂತ ಹೊತ್ಕೊಂಡು ಹೊರಟೆ? ನಮ್ಮಪ್ಪ ಕಟ್ಟಿಸಿದ್ದು ಕಣೋ ಇದು, ನಮ್ಮಪ್ಪಂದು!"

ನೀರುಗಂಟಿ ಕಲ್ಲನ್ನು ಇದ್ದ ಜಾಗದಲ್ಲೇ ಮೆಲ್ಲಗೆ ಕೂರಿಸಿದ. ಕೈ ಕೊಡವಿಕೊಂಡು ಇಂಜಿನಿಯರ ಕಡೆ ತಿರುಗಿದ.

"ಬರ್ಕೊಳ್ಳಿ ಸ್ವಾಮಿ. ಒಡ್ಡಿಗೆ ಅಪ್ಪ ಸಿಕ್ಕಿದ್ರು."