ತುತ್ತು ನುಂಗದ ಮುತ್ಯಾ

ಒಂದಾನೊಂದು ಊರಿನಲ್ಲಿ ಊಟಕ್ಕೊಂದು ಕಟ್ಟಳೆಯಿತ್ತು. ಎಲ್ಲರಿಗಿಂತ ಹಿರಿಯರು ಉಂಡು ಕೈ ತೊಳೆಯುವ ತನಕ ಉಳಿದವರು ತುತ್ತು ಎತ್ತುವಂತಿಲ್ಲ. ನಗಬೇಡಿ, ನಿಮ್ಮ ಮನೆಯಲ್ಲೂ ಇದೆ. ಆ ಊರಿನ ರಾಜನಿಗೆ ಈ ಕಟ್ಟಳೆಯದೇ ಹುಚ್ಚು. ಅವಳಿ ಕೂಸುಗಳಿಗೂ ಮೊದಲು ಹುಟ್ಟಿದ್ದು ಯಾವುದೆಂದು ವಿಚಾರಿಸಿಯೇ ಹಾಲು ಕುಡಿಸಬೇಕು.

ಅಲ್ಲಿ ಹುಲಿಗೆವ್ವ ಎಂಬ ಕಲ್ಲು ಒಡೆಯುವವಳಿದ್ದಳು. ಗಂಡ ಇರಲಿಲ್ಲ. ಪಾರಿ ಎಂಬ ಐದು ವರ್ಷದ ಮಗಳಿದ್ದಳು. ಒಂದು ದಿನ ಹುಲಿಗೆವ್ವ ಕಲ್ಲಿನ ಗಣಿಯಲ್ಲಿ ಚಪ್ಪಡಿ ಎಬ್ಬಿಸಿದರೆ ಅಡಿಯಲ್ಲಿ ಮೊಸಳೆ ಮಲಗಿತ್ತು. ಮೈಯೆಲ್ಲ ಕಲ್ಲು. ಕಾಲಿನ ಜಾಗದಲ್ಲಿ ದೋಣಿಯ ಹುಟ್ಟಿನಂಥವು, ತುದಿಗೆ ಮೀನಿನ ಬಾಲ. ಬಾಯಲ್ಲೊಂದು ಮೀನು, ಅರ್ಧ ಒಳಗೆ, ಅರ್ಧ ಹೊರಗೆ.

"ನೀ ಯಾರೋ ಮುತ್ಯಾ?" ಎಂದಳು. ಆ ಊರಲ್ಲಿ ಅಜ್ಜನಿಗೆ ಮುತ್ಯಾ ಎನ್ನುತ್ತಾರೆ.

"ಸಮುದ್ರದವ," ಎಂದಿತು ಮೊಸಳೆ, ಹಲ್ಲು ಸಡಿಲಿಸದೆ. "ಸಮುದ್ರ ಇಲ್ಲೇ ಇತ್ತು. 'ಈಗ ಬಂದೆ' ಅಂತ ಹೇಳಿ ಹೋತು. ಹದಿನೈದು ಕೋಟಿ ವರ್ಷ ಆತು."

ಸುದ್ದಿ ಕೇಳಿ ರಾಜ ಓಡಿಬಂದು ಅಡ್ಡಬಿದ್ದ. "ಹದಿನೈದು ಕೋಟಿ! ಇಡೀ ರಾಜ್ಯಕ್ಕೇ ಹಿರಿಯರು!" ಎದ್ದವನು ಮೊಸಳೆಯ ಬಾಯಲ್ಲಿದ್ದ ಮೀನು ನೋಡಿದ. "ಅಯ್ಯೋ, ಹಿರಿಯರದು ಇನ್ನೂ ಊಟ ನಡೆದಿದೆ. ನಾವು ಇಷ್ಟು ದಿನ ಉಂಡುಬಿಟ್ಟೆವಲ್ಲ!"

ಅಂದೇ ಡಂಗುರ ಹೊಡೆಸಿದ. ಮುತ್ಯಾ ಆ ತುತ್ತು ನುಂಗುವ ತನಕ ಯಾರೂ ಉಣ್ಣಕೂಡದು. ಒಲೆಗಳಿಗೆಲ್ಲ ನೀರು ಸುರಿದರು. ರಾಜನೂ ಉಪವಾಸ ಕೂತ. ಅವನು ಕೆಟ್ಟವನಲ್ಲ, ಶಿಸ್ತಿನವನು.

ಊರು ಕಾದಿತು. ಮೂರು ದಿನ ಕಾದಿತು. ಮೊದಲು ಮುದುಕರು ಸತ್ತರು. "ಹಿರಿಯರು ಮೊದಲು," ಎಂದ ರಾಜ. "ಸರಿಯಾಗಿದೆ." ಗುಂಡಿ ತೋಡಲು ಯಾರಿಗೂ ಕಸುವಿರಲಿಲ್ಲ. ಹೆಣಗಳು ಕಟ್ಟೆಯ ಮೇಲೆ ವಯಸ್ಸಿನ ಪ್ರಕಾರ ಮಲಗಿದವು.

ಹುಲಿಗೆವ್ವ ಮೊಸಳೆಯ ಬಳಿ ಹೋದಳು. "ಮುತ್ಯಾ, ನನ್ನ ಮಗಳು ಏಳವಲ್ಲಳು. ಅದನ್ನ ನುಂಗಿಬಿಡೋ."

"ನುಂಗ್ತಿದ್ದೆ ಯವ್ವಾ. ಈ ಮೀನು, 'ಒಂದು ಕಡೀ ಮಾತು ಹೇಳ್ತೀನಿ, ಆಮೇಲೆ ನುಂಗು' ಅಂತು. ಹೂಂ ಅಂದೆ. ಇನ್ನೂ ಬಾಯಿ ಬಿಡವಲ್ದು."

ಹುಲಿಗೆವ್ವ ಮೀನಿಗೆ ಕೈಮುಗಿದಳು. ಬೈದಳು. ಮೀನು ತುಟಿ ಬಿಚ್ಚಲಿಲ್ಲ. ಅದೇನು ದಡ್ಡ ಮೀನೇ?

ನಾಲ್ಕನೆಯ ದಿನ ಅವಳು ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ರಾಜನ ಮುಂದೆ ನಿಂತಳು. "ದೊರೆಯೇ, ಮುತ್ಯಾಗಿಂತ ಹಿರಿಯರು ಒಬ್ಬರದಾರ."

"ಯಾರು?"

"ಅವ ಮಲಗಿರೋ ನೆಲ. ಅವನಿಗೆ ಹಾಸಿಗಿ ಹಾಸಿದ್ದು ಯಾರು ಮತ್ತ? ಅದಕ್ಕ ಯಾರೂ ಬಡಿಸೇ ಇಲ್ಲ."

ರಾಜ ನೆಲದ ಮೇಲಿಂದ ಕಾಲೆತ್ತಿಕೊಂಡ. "ನೆಲ ಏನು ಉಣ್ಣುತ್ತದೆ?"

"ನಮ್ಮನ್ನ."

"ಕಟ್ಟೆಯ ಮೇಲೆ ಮುದುಕರಿದ್ದಾರಲ್ಲ!"

"ಹಿರಿಯರಿಗೆ ಆರಿದ್ದು ಬಡಿಸ್ತೀರೇನು?"

ರಾಜ ನಾಲಿಗೆ ಕಚ್ಚಿಕೊಂಡ. ಬಿಸಿಯದೇ ಆಗಬೇಕು. ಇದ್ದುದರಲ್ಲಿ ಶ್ರೇಷ್ಠವಾದದ್ದೇ ಆಗಬೇಕು. ಪಕ್ಕದಲ್ಲಿದ್ದ ಮಂತ್ರಿ ತಟ್ಟನೆ ಹೇಳಿದ: "ನಾನು ತೀರ ಸಾಮಾನ್ಯ, ಪ್ರಭು. ಇಂಥ ಬುದ್ಧಿ ಹೇಳಿದ ಈ ಹುಲಿಗೆವ್ವನೇ ಊರಿಗೆಲ್ಲ ಶ್ರೇಷ್ಠಳು."

ಹುಲಿಗೆವ್ವ ಬೆನ್ನ ಮೇಲಿನ ಮಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಏನಂದೆ?" ರಾಜ ಎದ್ದು ನಿಂತ. "ಕಲ್ಲು ಒಡೆಯುವವಳು ನನಗಿಂತ ಶ್ರೇಷ್ಠಳೇ?" ಎಂದವನೇ ಕಲ್ಲಿನ ಗಣಿಗೆ ನಡೆದು, ಮೊಸಳೆಯ ಪಕ್ಕದಲ್ಲಿ ಕಲ್ಲು ತೆಗೆದಿದ್ದ ಗುಂಡಿಗೆ ತಾನೇ ಇಳಿದು, ಎದೆಯುಬ್ಬಿಸಿ ಮಲಗಿದ. ಹುಲಿಗೆವ್ವ ಸಲಿಕೆ ಎತ್ತಿದಳು. ನೆಲ ಅವಸರ ಮಾಡದೆ ಉಂಡಿತು. ಅವಳು ಮೇಲೊಂದು ಕೊಡ ನೀರು ಸುರಿದಳು.

"ಕೈ ತೊಳೀತು," ಎಂದಳು.

ಒಲೆ ಹಚ್ಚಿ ಗಂಜಿ ಕಾಯಿಸಿ ಪಾರಿಯ ಬಾಯಿಗೆ ಒಂದು ತುತ್ತು ಇಟ್ಟಳು. ಪಾರಿ ಅದನ್ನು ಬಾಯಲ್ಲೇ ಇಟ್ಟುಕೊಂಡು ಸುಮ್ಮನಿದ್ದಳು, ಮುತ್ಯಾನ ಹಾಗೆ. ಹುಲಿಗೆವ್ವ ಕಾದಳು. ಕಾದಳು. ಕಾದಳು.

ಪಾರಿ ನುಂಗಿದಳು.

ಆ ಊರಲ್ಲಿ ಈಗಲೂ ಉಣ್ಣುವ ಮುಂಚೆ ನೆಲಕ್ಕೊಂದು ತುತ್ತು ಇಡುತ್ತಾರೆ. ಭಕ್ತಿ ಅಂದುಕೊಳ್ಳಬೇಡಿ. ನೆಲ ಮತ್ತೊಮ್ಮೆ "ಬಡಿಸಿ" ಅನ್ನದಿರಲಿ ಅಂತ. ಮೀನಿನ ಮಾತು ಇನ್ನೂ ಶುರುವಾಗಿಲ್ಲ. ನನ್ನ ಮಾತು ಮುಗಿಯಿತು.